ನುಂಗದೆ ಕೊಟ್ಟ ತೀರ್ಪು

ಚಹಾ ಕಂಪನಿಯಲ್ಲಿ ಅತ್ತೆಗೆ ಇದ್ದ ಅಡ್ಡಹೆಸರು ಸುಪ್ರೀಂ ಕೋರ್ಟು. ಅವರ ತೀರ್ಪಿನ ಮೇಲೆ ಅಪೀಲು ಇರಲಿಲ್ಲ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟ ಬಿಳಿ ಬಟ್ಟಲುಗಳ ಮುಂದೆ ಚಮಚ ಹಿಡಿದು ನಡೆಯುತ್ತಿದ್ದರು. ಸೊರ್ರೆಂದು ಇಡೀ ಕೋಣೆಗೆ ಕೇಳುವಂತೆ ಒಂದು ಗುಟುಕು ಎಳೆದು, ಬಾಯಲ್ಲಿ ಆಡಿಸಿ, ಪಕ್ಕದಲ್ಲಿ ಚಕ್ರದ ಮೇಲೆ ಉರುಳಿಬರುವ ಹಿತ್ತಾಳೆಯ ಪೀಕದಾನಿಗೆ ಪಿಚಕ್ಕನೆ ಉಗುಳಿ, ಒಂದೇ ಒಂದು ಮಾತು ಹೇಳುತ್ತಿದ್ದರು. "ಸಪ್ಪೆ." "ಹೊಗೆ." "ಮುದಿ ಎಲೆ." ಅಷ್ಟಕ್ಕೇ ತೋಟದ ಮ್ಯಾನೇಜರುಗಳ ಮುಖ ಹುಳ್ಳಗಾಗುತ್ತಿತ್ತು. ತೀರಾ ಮೆಚ್ಚಿಕೊಂಡರೆ "ಪರವಾಗಿಲ್ಲ" ಎನ್ನುತ್ತಿದ್ದರು. ಆ ಮಾತು ಸಿಕ್ಕ ದಿನ ಮ್ಯಾನೇಜರುಗಳು ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿಕೊಳ್ಳುತ್ತಿದ್ದರಂತೆ.

ನಿವೃತ್ತಿಯ ದಿನ ಕಂಪನಿಯವರು ಆ ಪೀಕದಾನಿಯನ್ನೇ ಫಳಫಳ ತಿಕ್ಕಿಸಿ, ರಿಬ್ಬನ್ ಕಟ್ಟಿ, ಉಡುಗೊರೆಯಾಗಿ ಕೊಟ್ಟು ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಇದೇನು ಅವಮಾನ ಎಂದು ಸಿಟ್ಟಾಗುತ್ತಿದ್ದರೇನೋ. ಅತ್ತೆ ಮಾತ್ರ ಅದನ್ನು ಹಜಾರದಲ್ಲಿ, ಸೋಫಾದ ಪಕ್ಕದಲ್ಲಿ, ಬಂದವರ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸಿಕೊಂಡರು. ಸಿಟಿ ಬಸ್ಸು ಓಡಿಸಿ ನಿವೃತ್ತರಾಗಿದ್ದ ಮಾವ, "ನೋಡಿ, ಇವಳಿಗೆ ಪೀಕದಾನಿ ಕೊಟ್ರು. ನನಗೆ ಮಾತ್ರ ಬಸ್ಸು ಕೊಡಲಿಲ್ಲ" ಎಂದು ಮನೆಗೆ ಬಂದವರ ಮುಂದೆಲ್ಲ ದೂರಿಕೊಂಡು ನಗುತ್ತಿದ್ದರು.

ಕಷ್ಟವೇನೆಂದರೆ, ಅತ್ತೆ ಕೆಲಸ ಬಿಟ್ಟರೂ ಅವರ ನಾಲಿಗೆ ಕೆಲಸ ಬಿಡಲಿಲ್ಲ. ಊಟಕ್ಕೆ ಕೂತರೆ ಅದು ಊಟವಲ್ಲ, ವಿಚಾರಣೆ. ಸೂಪಿಗೆ ಉಪ್ಪು ಯಾವಾಗ ಬಿತ್ತು, ಕೇಕಿನ ಬೆಣ್ಣೆ ಎಷ್ಟು ಹಳೆಯದು, ಎಲ್ಲ ಬಯಲಿಗೆ ಬರುತ್ತಿತ್ತು. ಬಡಿಸಿದ್ದನ್ನು ಬಿಡದೆ ತಿನ್ನುತ್ತಿದ್ದರು. ಎರಡನೇ ಸಲ ಬಡಿಸಿಕೊಂಡವರು ಮಾತ್ರ ಅಲ್ಲ. ಸೊಸೆ ಈ ಮನೆಗೆ ಬಂದು ವರ್ಷಗಳೇ ಉರುಳಿದ್ದವು. "ಇನ್ನೊಂಚೂರು ಹಾಕು" ಎಂಬ ಮಾತು ಅತ್ತೆಯ ಬಾಯಿಂದ ಬಂದದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

"ಬೇಜಾರು ಮಾಡ್ಕೋಬೇಡಮ್ಮ," ಎಂದು ಮಾವ ಸಮಾಧಾನ ಹೇಳಿದ್ದರು. "ಇಷ್ಟು ವರ್ಷ ಸಂಸಾರ ಮಾಡಿದೀನಿ, ನನಗೇ ಇನ್ನೂ 'ಪರವಾಗಿಲ್ಲ' ಸಿಕ್ಕಿಲ್ಲ."

ಸೊಸೆ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ದಿನವಿಡೀ ರುಚಿಯೇ ಇಲ್ಲದ ನೀರನ್ನು ಸೀಸೆಗಳಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ಬೇಸತ್ತಳೋ ಏನೋ, ಮನೆಯ ಹಿಂದಿನ ತೊಳೆಯುವ ಕೋಣೆಯಲ್ಲಿ ಚಿಕ್ಕ ಪಾತ್ರೆಯಿಟ್ಟು ಬಿಯರು ಮಾಡಲು ಶುರುಮಾಡಿದಳು. ಹಲ್ಲಿನ ಡಾಕ್ಟರಾಗಿದ್ದ ಗಂಡ, ಅಂದರೆ ಅತ್ತೆಯ ಮಗ, ಇದು ನಾಲ್ಕು ದಿನದ ಹುಚ್ಚು ಎಂದುಕೊಂಡಿದ್ದ. ಅವಳು ಲ್ಯಾಬಿಗೆ ರಾಜೀನಾಮೆ ಕೊಟ್ಟು, ಮುಚ್ಚಿಹೋಗಿದ್ದ ಒಂದು ಬೇಕರಿಯನ್ನು ಬಾಡಿಗೆಗೆ ಹಿಡಿದು, ಒಲೆ ಇದ್ದ ಜಾಗದಲ್ಲಿ ಆಳೆತ್ತರದ ಸ್ಟೀಲು ಹಂಡೆಯನ್ನೂ ಹುಳಿಬರಿಸುವ ದೊಡ್ಡ ತೊಟ್ಟಿಯನ್ನೂ ನಿಲ್ಲಿಸಿದಾಗ ಅವನು ತುಟಿ ಪಿಟಕ್ಕೆನ್ನದೆ ಗೋಡೆಗೆ ಸುಣ್ಣ ಬಳಿಯಲು ಹೋದ.

ಒಂದು ಬೆಳಿಗ್ಗೆ ಸೊಸೆ ಅತ್ತೆಯ ಮುಂದೆ ಬಂದು ನಿಂತಳು.

"ಅತ್ತೆ, ನಿಮ್ಮಿಂದ ಒಂದು ಕೆಲಸ ಆಗಬೇಕು. ನಾಲ್ಕು ಥರ ಬಿಯರು ಮಾಡಿದೀನಿ, ಸ್ವಲ್ಪ ಸ್ವಲ್ಪ. ದೊಡ್ಡ ತೊಟ್ಟಿ ಇರೋದು ಒಂದೇ. ಅಂಗಡಿ ತೆಗೆಯೋ ದಿನಕ್ಕೆ ಒಂದೇ ಒಂದು ಬಿಯರು ಕೊಡೋಕಾಗೋದು. ಯಾವುದು ಅಂತ ನೀವು ಹೇಳಬೇಕು."

"ನಾನಾ? ಹುಟ್ಟಿದಾಗಿಂದ ಒಂದು ಹನಿ ಬಿಯರು ಕುಡಿದವಳಲ್ಲ ನಾನು."

"ಅದಕ್ಕೇ ಕೇಳ್ತಿರೋದು. ಕುಡಿಯೋರೆಲ್ಲ ತಮಗೆ ರೂಢಿ ಆಗಿರೋದನ್ನೇ ಚೆನ್ನಾಗಿದೆ ಅಂತಾರೆ. ನಿಮ್ಮ ನಾಲಿಗೆಗೆ ಯಾವ ಬಿಯರಿನ ಮುಲಾಜೂ ಇಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದಳು. "ಮೊದಲನೇ ಲೋಟ ಜನ ಕುತೂಹಲಕ್ಕೆ ಕುಡೀತಾರೆ ಅತ್ತೆ. ಎರಡನೇ ಲೋಟ ಕೇಳಿದ್ರೆ ನಾನು ಗೆದ್ದೆ. ಕೇಳದೆ ಎದ್ದು ಹೋದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ. ನಾನು ವಾಪಸ್ ಆ ನೀರಿನ ಸೀಸೆಗಳ ಹತ್ರಾನೇ ಹೋಗಬೇಕು."

ಅತ್ತೆ ಮುಖ ಬಿಗಿಮಾಡಿಕೊಂಡೇ "ನೋಡೋಣ" ಎಂದರು. ಒಳಗೊಳಗೆ ಹಿರಿಹಿರಿ ಹಿಗ್ಗಿದರು. ನಿವೃತ್ತಿಯ ನಂತರ ಅವರ ನಾಲಿಗೆಯನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಮನೆಯವರೆಲ್ಲ ಅದಕ್ಕೆ ಹೆದರುತ್ತಿದ್ದರು, ಅಷ್ಟೆ. ಹೆದರುವುದಕ್ಕೂ ಬೇಕಾಗುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಅತ್ತೆಯ ಸವಾರಿ ಬೇಕರಿಗೆ ಹೊರಟಿತು. ಮುಂದೆ ಅತ್ತೆ, ಹಿಂದೆ ಪೀಕದಾನಿಯನ್ನು ಗಡಗಡ ಎಳೆದುಕೊಂಡು ಮಾವ. ಕ್ಷೌರದ ಅಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಬಾಗಿಲಿಗೆ ಬಂದು ನೋಡಿದ. "ಏನ್ ಸಾರ್ ಇದು?" ಎಂದಿದ್ದಕ್ಕೆ ಮಾವ, "ಕೋರ್ಟು ಸ್ಥಳ ಪರಿಶೀಲನೆಗೆ ಹೋಗ್ತಿದೆ ಕಣಪ್ಪ" ಎಂದರು.

ಬೇಕರಿಯಲ್ಲಿ ಈಗಲೂ ಗೋಡೆಯ ಸಂದಿಯಿಂದ ಸಕ್ಕರೆಯ ವಾಸನೆ ಬರುತ್ತಿತ್ತು. ಹಿಟ್ಟು ನಾದುತ್ತಿದ್ದ ಹಳೆಯ ಮೇಜಿನ ಮೇಲೆ ಸೊಸೆ ನಾಲ್ಕು ಲೋಟ ಇಟ್ಟಿದ್ದಳು. ಪಕ್ಕದಲ್ಲಿ ನಾಲ್ಕು ಖಾಲಿ ಕಾರ್ಡುಗಳು. ಅಂಗಡಿಯಲ್ಲಿ ಯಾವಾಗ ಯಾವ ಬಿಯರು ಕೊಟ್ಟರೂ ಅದರ ಮುಂದೆ ಅತ್ತೆಯ ವಿಮರ್ಶೆ, ಅತ್ತೆಯ ಕೈಬರಹದಲ್ಲೇ, ತೂಗುಹಾಕಬೇಕೆಂಬುದು ಅವಳ ಆಸೆ.

"ಮೂರನೇದಕ್ಕೂ ನಾಲ್ಕನೇದಕ್ಕೂ ಬಾರ್ಲಿ ಕಾಳು ಒಂದೇ ಅತ್ತೆ. ಕುದಿಯುವಾಗ ಹಾಕೋ ಹೂವು ಮಾತ್ರ ಬೇರೆ. ಹಾಪ್ಸ್ ಅಂತ, ಬಳ್ಳೀಲಿ ಬಿಡುತ್ತೆ. ಬಿಯರಿನ ಕಹಿ ಎಲ್ಲ ಅದರದ್ದೇ. ಇನ್ನೊಂದು ವಿಷಯ, ಬಿಯರನ್ನ ನೋಡುವಾಗ..."

"ಶ್!" ಎಂದರು ಅತ್ತೆ, ಕೈ ಎತ್ತಿ. ರುಚಿ ನೋಡುವ ಕೋಣೆಯಲ್ಲಿ ಮಾತಾಡಕೂಡದು. ಕಂಪನಿಯ ಮಾಲೀಕನೇ ಬಂದರೂ ಅಲ್ಲಿ ಕೆಮ್ಮುವಂತಿರಲಿಲ್ಲ. ಸೊಸೆ ಬಾಯಿ ಮುಚ್ಚಿಕೊಂಡಳು.

ಅತ್ತೆ ಮೊದಲನೇ ಲೋಟವನ್ನು ಬೆಳಕಿಗೆ ಹಿಡಿದರು. ಗೋಧಿಯ ಬಿಯರು, ಮೋಡ ಕವಿದ ಹಾಗೆ ಮಬ್ಬು ಹಳದಿ. ಮೂಗು ತೂರಿಸಿ, ಸೊರ್ರೆಂದು ಎಳೆದು, ಆಡಿಸಿ, ಪಿಚಕ್ಕೆಂದರು. ಕಾರ್ಡಿನಲ್ಲಿ ಬರೆದರು: "ಬಾಳೆಹಣ್ಣಿನ ಬುಟ್ಟಿಯೊಳಗೆ ಯಾರೋ ಲವಂಗದ ಡಬ್ಬಿ ಬೀಳಿಸಿದ್ದಾರೆ. ಮಕ್ಕಳಿಗೆ ಇಷ್ಟವಾಗುತ್ತದೆ. ಆದರೆ ಮಕ್ಕಳಿಗೆ ಕೊಡುವಂತಿಲ್ಲ." ಎರಡನೆಯದು ಕಡುಕಪ್ಪು. "ಸೀದ ಬ್ರೆಡ್ಡಿನ ಅಂಚು, ತಣ್ಣಗಾದ ಕಾಫಿ. ತುಂಬಾ ಗಂಭೀರ. ಇದರ ಜೊತೆ ಸ್ನೇಹ ಬೆಳೆಯಲು ಒಂದು ಚಳಿಗಾಲ ಬೇಕು." ಮೂರನೆಯದನ್ನು ಬಾಯಿಗೆ ಹಾಕಿಕೊಂಡವರ ಹುಬ್ಬು ಮೇಲೇರಿತು. "ಕಿತ್ತಳೆಯ ಹೂವು, ಜೇನು. ಒಳಗೆ ಕಾಲಿಡುವ ಮೊದಲೇ ನಗುತ್ತದೆ. ಪರವಾಗಿಲ್ಲ."

ಮಾವ ಅತ್ತೆಯ ಹೆಗಲ ಮೇಲಿಂದ ಇಣುಕಿ ಕಾರ್ಡು ಓದಿದರು. ಕೊನೆಗೂ ಬಂತಲ್ಲ ಆ ಮಾತು, ತನಗಲ್ಲದಿದ್ದರೂ!

ನಾಲ್ಕನೆಯದು ತಾಮ್ರದ ಬಣ್ಣದ್ದು. ಪೈನ್ ಮರದ ಅಂಟು, ಹುಳಿಹಣ್ಣಿನ ಸಿಪ್ಪೆ ಹಿಂಡಿದಾಗ ಮೂಗಿಗೆ ಸಿಡಿಯುವ ಘಮ. ಅತ್ತೆ ಆಸೆಯಿಂದಲೇ ಎಳೆದುಕೊಂಡರು, ಆಡಿಸಿದರು, ಉಗುಳಿದರು, ಕಾದರು. ಕೊನೆಗೆ ಬಾಯಲ್ಲಿ ಉಳಿಯಬೇಕಾದ ರುಚಿ ಬರಲೇ ಇಲ್ಲ. "ಒಳ್ಳೆಯ ಮುಖ," ಎಂದು ಬರೆದರು. "ಆದರೆ ಬಾಗಿಲವರೆಗೆ ಬಂದು, ಒಳಗೆ ಬಾರದೆ ಹಾಗೇ ಹೊರಟುಹೋಗುವ ನೆಂಟ. ಕೊನೆಯಿಲ್ಲ."

"ಮೂರನೇದಾ ಅತ್ತೆ?" ಎಂದು ಕೇಳಿದಳು ಸೊಸೆ.

"ಮೂರನೇದೇ. ಸಂಶಯವೇ ಬೇಡ."

"ನಾಲ್ಕನೇದು..."

"ಬರೆದಿದೀನಲ್ಲ."

ಸೊಸೆ ನಾಲ್ಕನೇ ಲೋಟವನ್ನು ಬಟ್ಟೆಯಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಆಯ್ತು ಅತ್ತೆ. ನಾಳೆ ದೊಡ್ಡ ಹಂಡೆ ಏರಿಸ್ತೀನಿ," ಎಂದಳು. ಅವಳ ದನಿಯಲ್ಲಿ ಏನೋ ಕಮ್ಮಿಯಾದದ್ದು ಅತ್ತೆಗೆ ಕೇಳಿಸಿತು. ಹುಡುಗಿಗೆ ಸುಸ್ತಾಗಿರಬೇಕು ಎಂದುಕೊಂಡು, ಪೀಕದಾನಿಯನ್ನು ಅಲ್ಲೇ ಬಿಟ್ಟು, ಗೆದ್ದ ನಡಿಗೆಯಲ್ಲಿ ಮನೆಗೆ ಬಂದರು.

ಮಾರನೆಯ ದಿನ ಸೊಸೆ ಬೆಳಗಾಗುವ ಮೊದಲೇ ಬೇಕರಿಗೆ ಹೋಗಿದ್ದಳು. ತಿಂಡಿಯಾದ ಮೇಲೆ ಮಾವ ಅಡುಗೆಮನೆಯ ಮೇಜಿನ ಮೇಲೆ ಒಂದು ಬಾಟಲಿ ಇಟ್ಟುಕೊಂಡು ಕೂತರು. ತಿರಸ್ಕಾರವಾದ ನಾಲ್ಕನೇ ಬಿಯರನ್ನು ಅವರು ಹಿಂದಿನ ದಿನವೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು.

"ಏನ್ರೀ ಇದು, ಬೆಳಿಗ್ಗೆ ಬೆಳಿಗ್ಗೆನೇ?"

"ನಿವೃತ್ತಿ ಆದವನಿಗೆ ಬೆಳಿಗ್ಗೆ ಏನೇ, ಸಂಜೆ ಏನೇ. ನೀನೊಬ್ಬಳೇ ವಿಮರ್ಶೆ ಬರೀಬೇಕಾ? ನಾನೂ ಬರೀತೀನಿ." ಅವರು ಒಂದು ದೊಡ್ಡ ಗುಟುಕು ಕುಡಿದು, ಗಂಟಲು ಕುಣಿಸಿ, ಕಣ್ಣರಳಿಸಿದರು. "ಕೊನೆ ಇಲ್ಲ ಅಂದ್ಯಲ್ಲ? ಇದೆ ಕಣೇ. ಕೊನೇಲೇ ಇರೋದು ಎಲ್ಲಾ."

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಬಸ್ಸು ಓಡಿಸಿದವರು ತೀರ್ಪನ್ನು ತಿದ್ದುವುದೆಂದರೇನು! "ಕೊಡಿ ಇಲ್ಲಿ" ಎಂದು ಲೋಟ ಕಸಿದುಕೊಂಡು ಸೊರ್ರೆಂದು ಎಳೆದರು. ಬಾಯಲ್ಲಿ ಆಡಿಸಿ, ಇಲ್ಲ, ಏನೂ ಇಲ್ಲ ಎಂದು ತಲೆಯಾಡಿಸುತ್ತಾ, ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು. ಪೀಕದಾನಿ ಇರಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಸಿಂಕಿನ ಕಡೆ ಹೊರಟರು.

ಹಿಂದಿನಿಂದ ಮಾವ ತಮ್ಮ ವಿಮರ್ಶೆಯನ್ನು ಗಟ್ಟಿಯಾಗಿ ಹೇಳತೊಡಗಿದರು. "ಈ ಬಿಯರು ಡಿಪೋದಿಂದ ಮೆಲ್ಲಗೆ ಹೊರಡುತ್ತದೆ. ಮೊದಲನೇ ಸ್ಟಾಪಿನಲ್ಲಿ ಒಳ್ಳೆ ವಾಸನೆಯ ಹೆಂಗಸೊಬ್ಬಳು ಹತ್ತುತ್ತಾಳೆ. ಆಮೇಲೆ ಏರು. ಮೂರನೇ ಗೇರು, ಎರಡನೇ ಗೇರು, ಪ್ರಯಾಣಿಕರೆಲ್ಲ ಕಂಬಿ ಹಿಡಿದುಕೊಳ್ಳಿ! ಗಂಟಲು ದಾಟಿ ತುದಿ ಮುಟ್ಟಿದ ಕೂಡಲೇ ಡ್ರೈವರು ಹಾರ್ನ್ ಹೊಡೆಯುತ್ತಾನೆ, ಪೋಂ ಪೋಂ..."

ಅವರು ಕೆನ್ನೆಯುಬ್ಬಿಸಿ ಎಷ್ಟು ಸಾಚಾ ಹಾರ್ನ್ ಹೊಡೆದರೆಂದರೆ, ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಪಕ್ಕಕ್ಕೆ ಸರಿದ. ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಬಿಯರು ಗೋಡೆಗೆ ಹಾರುತ್ತಿತ್ತು. ಬೇರೆ ದಾರಿ ಕಾಣದೆ ಗುಳುಕ್ಕನೆ ನುಂಗಿಬಿಟ್ಟರು.

ಆಮೇಲೆ ಅಲ್ಲೇ ನಿಂತರು.

ಕಹಿ ಬಂದಿತ್ತು. ನಾಲಿಗೆಯ ಬುಡದಲ್ಲಿ, ಗಂಟಲಿನ ಹಿಂದೆ, ಇಷ್ಟು ವರ್ಷ ಯಾವ ಚಹಾವನ್ನೂ ಅವರು ಕೆಲಸದ ಹೊತ್ತಿನಲ್ಲಿ ಬಿಟ್ಟುಕೊಳ್ಳದಿದ್ದ ಜಾಗದಲ್ಲಿ, ಅಚ್ಚುಕಟ್ಟಾದ ತಂಪು ಕಹಿಯೊಂದು ಎದ್ದು ನಿಂತಿತು. ಬಾಯಲ್ಲಿದ್ದ ಸಿಹಿಯನ್ನೆಲ್ಲ ಗುಡಿಸಿ ಹೊರಗೆ ಹಾಕಿತು. ಅದು ಹೋದ ಮೇಲೆ ಆ ಸಿಪ್ಪೆಯ ಘಮ ಮತ್ತೆ ಹಿಂದಿರುಗಿ ಬಂತು. ಬಾಯಿ ಖಾಲಿ ಖಾಲಿ ಎನಿಸಿ ಇನ್ನೊಂದು ಗುಟುಕು ಬೇಡಿತು.

ಅತ್ತೆ ಇನ್ನೊಂದು ಗುಟುಕು ಕುಡಿದರು. ನುಂಗಿದರು. ಮತ್ತೆ ಬಂತು.

"ರೀ," ಎಂದರು ಮೆಲ್ಲಗೆ. "ನಾನು ಅದನ್ನ ಒಳಗೇ ಬಿಟ್ಟಿರಲಿಲ್ಲ."

"ಬಾಗಿಲು ಹಾಕ್ಕೊಂಡು ನೆಂಟ ಬರಲಿಲ್ಲ ಅಂದ್ರೆ?" ಎಂದರು ಮಾವ.

ಅತ್ತೆ ಥಟ್ಟನೆ ಗಡಿಯಾರ ನೋಡಿದರು. ಕಾಳು ಎರಡಕ್ಕೂ ಒಂದೇ, ಹೂವು ಬೇರೆ. ಹೂವು ಬೀಳುವುದು ಹಂಡೆ ಕುದಿ ಬಂದಾಗ. ಬೆಳಗಾಗುವ ಮೊದಲೇ ಹೋದವಳು, ಹಂಡೆ ಈಗ ಕುದಿಯುತ್ತಿರಬೇಕು. ಫೋನ್ ಮಾಡಿದರು. ಪಂಪಿನ ಸದ್ದಿನಲ್ಲಿ ಅವಳಿಗೆ ಎಲ್ಲಿ ಕೇಳಿಸಬೇಕು! ಮಗನಿಗೆ ಮಾಡಿದರೆ, ಅವನು ಯಾರದೋ ದವಡೆಯೊಳಗೆ ಕೈಯಿಟ್ಟುಕೊಂಡಿದ್ದ.

ಅತ್ತೆ ಮನೆಯ ಚಪ್ಪಲಿಯಲ್ಲೇ, ಅರ್ಧ ಖಾಲಿಯಾದ ಬಾಟಲಿಯನ್ನು ಕೈಯಲ್ಲಿ ಹಿಡಿದು, ಎದ್ದೆನೋ ಬಿದ್ದೆನೋ ಎಂದು ಹೊರಟರು. ಅಷ್ಟರಲ್ಲಿ ಬಸ್ಸು ಬಂತು. ಮಾವ ಹತ್ತಿ, ಡ್ರೈವರಿನ ಬೆನ್ನ ಹಿಂದೆಯೇ ನಿಂತು, "ಎರಡನೇದಕ್ಕೆ ಹಾಕಪ್ಪ. ಅಯ್ಯೋ, ಎರಡನೇದಕ್ಕೆ ಹಾಕು ಅಂದೆ" ಎಂದು ಶುರುಮಾಡಿದರು. ಸೀಟಿನಲ್ಲಿ ಬಿಯರು ಬಾಟಲಿ ಅಪ್ಪಿಕೊಂಡು ಕೂತ ಹಿರಿಯ ಹೆಂಗಸನ್ನು ನೋಡಿ ಎದುರಿಗಿದ್ದವರು ಮುಖ ಮುಖ ನೋಡಿಕೊಂಡರು. ಅತ್ತೆಗೆ ಅದರ ಪರಿವೆಯೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಕೊಟ್ಟ ತೀರ್ಪನ್ನು ಒಮ್ಮೆಯೂ ಹಿಂದಕ್ಕೆ ತೆಗೆದುಕೊಂಡವರಲ್ಲ ಅವರು. ಅದನ್ನು ಹೇಗೆ ಹೇಳುವುದು, ಯಾವ ಮುಖ ಇಟ್ಟುಕೊಂಡು ಹೇಳುವುದು? ಹೇಗಾದರೂ ಸರಿ, ಹೇಳಿಯೇ ತೀರಬೇಕು. ನನ್ನ ಜಂಬಕ್ಕೆ ಆ ಹುಡುಗಿಯ ಅಂಗಡಿ ಮುಳುಗಬಾರದು ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಬೇಕರಿಯ ಬಾಗಿಲನ್ನು ತಳ್ಳಿದವರೇ, "ನಿಲ್ಲಿಸು! ಹೂವು ಹಾಕಬೇಡ!" ಎಂದು ಕೂಗಿದರು.

ಹಂಡೆಯ ಪಕ್ಕ ಸ್ಟೂಲಿನ ಮೇಲೆ ನಿಂತಿದ್ದ ಸೊಸೆ ಬೆಚ್ಚಿಬಿದ್ದು ಏನನ್ನೋ ಬೆನ್ನ ಹಿಂದೆ ಅಡಗಿಸಿದಳು. ಖಾಲಿ ಚೀಲದ ಮೂಲೆ ಇಣುಕುತ್ತಿತ್ತು. ಹಂಡೆ ಕೊತಕೊತ ಕುದಿಯುತ್ತಿತ್ತು.

ತಡವಾಯಿತು ಎಂದುಕೊಂಡರು ಅತ್ತೆ. ಅಷ್ಟರಲ್ಲಿ ಹಬೆಯ ಒಂದು ಮೋಡ ಅವರ ಕಡೆ ತೇಲಿ ಬಂತು. ಮೂಗು ತನ್ನ ಪಾಡಿಗೆ ತಾನು ಅರಳಿತು. ಪೈನ್ ಮರದ ಅಂಟು. ಹುಳಿಹಣ್ಣಿನ ಸಿಪ್ಪೆ. ಕಿತ್ತಳೆಯ ಹೂವಿನ ಸುಳಿವೇ ಇಲ್ಲ.

"ಇದು..." ಎಂದರು.

"ಕ್ಷಮಿಸಿ ಅತ್ತೆ," ಎಂದಳು ಸೊಸೆ. ಕಣ್ಣಲ್ಲಿ ನೀರು ತುಂಬಿತ್ತು. "ನಾಲ್ಕನೇದನ್ನೇ ಹಾಕಿಬಿಟ್ಟೆ. ಮೂರನೇ ಚೀಲ ಕೈಗೆ ತಗೊಂಡಿದ್ದೆ, ಆಣೆಗೂ. ಕೈ ಬರಲಿಲ್ಲ. ಸಂಜೆ ಮನೆಗೆ ಬಂದು ನಿಮಗೆ ಹೇಗೆ ಹೇಳೋದು ಅಂತ ಆಗಿನಿಂದ ಸ್ಟೂಲ್ ಮೇಲೇ ನಿಂತಿದೀನಿ."

"ನನ್ನ ಮಾತು ಮೀರಿದ್ಯಾ?"

"ನೀವು ಉಗುಳಿದ್ರಿ ಅತ್ತೆ. ನುಂಗದೆ ಇದ್ದರೆ ಬಿಯರಿನ ಕೊನೆ ಗೊತ್ತಾಗಲ್ಲ."

"ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?"

"ಹೇಳೋಕೆ ಬಂದೆ. ನೀವು ಶ್ ಅಂದ್ರಿ."

ಬಾಗಿಲಲ್ಲಿ ನಿಂತಿದ್ದ ಮಾವ, "ನನಗೂ ಮದುವೆ ಆದಾಗಿಂದ ಅದನ್ನೇ ಅಂತಿದಾಳೆ" ಎಂದರು.

ಅತ್ತೆಗೆ ಮೊದಲು ಒಂದು ಬಿಕ್ಕಳಿಕೆ ಬಂತು, ಆಮೇಲೆ ನಗು. ಹೊಟ್ಟೆ ಹಿಡಿದುಕೊಂಡು, ಮಗುಚಿಟ್ಟ ಕ್ರೇಟಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ತಮ್ಮ ಮಾತನ್ನು ಒಬ್ಬರು ಮೀರಿದ್ದಕ್ಕೆ ಇಷ್ಟು ಸಂತೋಷವಾಗಬಹುದೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಹಾಗಾದ್ರೆ ನೀವು ಯಾಕೆ ಹೂವು ಹಾಕಬೇಡ ಅಂತ ಓಡಿ ಬಂದ್ರಿ?" ಎಂದಳು ಸೊಸೆ, ಏನೊಂದೂ ಅರ್ಥವಾಗದೆ.

ಅತ್ತೆ ಕೈಯಲ್ಲಿದ್ದ ಬಾಟಲಿಯನ್ನು ಎತ್ತಿ ತೋರಿಸಿದರು. "ಮೂರನೇದು ಹಾಕಬೇಡ ಅನ್ನೋಕೆ ಕಣೇ ಹುಡುಗಿ. ನಿನ್ನೆ ಕೊಟ್ಟಿದ್ದು ತಪ್ಪು ತೀರ್ಪು. ನುಂಗಿದೆ ಈಗ."

ಸೊಸೆ ಸ್ಟೂಲಿನಿಂದ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಬಂದು ಅತ್ತೆಯನ್ನು ತಬ್ಬಿಕೊಂಡಳು. ಏಪ್ರನ್ನಿನ ಒದ್ದೆಯೆಲ್ಲ ಅತ್ತೆಯ ಬಟ್ಟೆಗಾಯಿತು. ಅತ್ತೆ ಬೈಯಲಿಲ್ಲ. ನಾಲ್ಕನೇ ಬಿಯರಿನ ಕಾರ್ಡನ್ನು ತರಿಸಿ, ನಾಲ್ಕು ತುಂಡು ಮಾಡಿ ಪೀಕದಾನಿಗೆ ಹಾಕಿದರು. "ಹೊಸದು ಈಗ ಬರೆಯಲ್ಲ. ದೊಡ್ಡ ತೊಟ್ಟಿದು ಹೊರಗೆ ಬರಲಿ. ಒಂದು ಇಡೀ ಲೋಟ ಕುಡಿದು ಬರೀತೀನಿ," ಎಂದರು.

ಆ ಲೋಟಕ್ಕಾಗಿ ವಾರಗಟ್ಟಲೆ ಕಾಯಬೇಕಾಯಿತು. ಅಂಗಡಿ ತೆರೆದ ಸಂಜೆ, ಇನ್ನೂ ಬಿಸಿಲಿರುವಾಗಲೇ, ಬೇಕರಿ ತುಂಬಿತು. ಕ್ಷೌರದ ಅಂಗಡಿಯವನು, ಲ್ಯಾಬಿನ ಹಳೆಯ ಗೆಳತಿಯರು, ಮಗನ ಕೈಯಲ್ಲಿ ಹಲ್ಲು ಕೀಳಿಸಿಕೊಂಡವರು, ಬಸ್ಸಿನಲ್ಲಿ ಮಾವನ ಕೈಲಿ ಗೇರಿನ ಪಾಠ ಹೇಳಿಸಿಕೊಂಡಿದ್ದ ಡ್ರೈವರು, ಎಲ್ಲರೂ ಬಂದಿದ್ದರು. ಪೀಕದಾನಿ ಬಾಗಿಲ ಬಳಿ ಕೊಡೆಗಳನ್ನು ಹೊತ್ತು ನಿಂತಿತ್ತು. ಕಟ್ಟೆಯ ಹಿಂದೆ ತಾಮ್ರದ ಬಣ್ಣದ ಬಿಯರಿನ ನಲ್ಲಿ. ಅದರ ಮೇಲೆ ಖಾಲಿ ಕಾರ್ಡು ನೇತಾಡುತ್ತಿತ್ತು.

ಮೊದಲನೇ ಲೋಟ ಎಲ್ಲರ ಕೈಗೂ ಹೋಯಿತು. ಜನ ಕುಡಿದರು. ಒಬ್ಬ ಮುಖ ಕಿವಿಚಿದ. ಇನ್ನೊಬ್ಬಳು ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಇಡೀ ಅಂಗಡಿ ಬಾಯೊಳಗೇ ಯೋಚನೆ ಮಾಡುತ್ತಿತ್ತು. ಸೊಸೆ ಒಣಗಿದ ಲೋಟವೊಂದನ್ನು ಒರೆಸುತ್ತಲೇ ಇದ್ದಳು.

ಅತ್ತೆ ಕಟ್ಟೆಯ ಮುಂದಿನ ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಪೆನ್ನು ಸಿದ್ಧವಾಗಿತ್ತು. ಸೊರ್ರೆಂದು ಎಳೆದರು. ನುಂಗಿದರು. ಕಹಿ ಎದ್ದು ಬಂತು, ಘಮ ತಿರುಗಿ ಬಂತು. ಏನು ಬರೆಯಲಿ ಎಂದು ಯೋಚಿಸಲು ಇನ್ನೊಂದು ಗುಟುಕು ಕುಡಿದರು. ಮಾತು ಸಿಗಲಿಲ್ಲ. ಮತ್ತೊಂದು ಕುಡಿದರು. ಸುತ್ತ ಯಾರಿದ್ದಾರೆ, ಯಾರು ನೋಡುತ್ತಿದ್ದಾರೆ ಎಂಬುದನ್ನೂ, ಪೆನ್ನನ್ನೂ ಕಾರ್ಡನ್ನೂ, ತಾವು ಸುಪ್ರೀಂ ಕೋರ್ಟು ಎಂಬುದನ್ನೂ ಮರೆತರು. ನೋಡಿದರೆ ಲೋಟದ ತಳದಲ್ಲಿ ನೊರೆಯಷ್ಟೇ ಉಳಿದಿತ್ತು. ಅವರ ಕೈ ತಾನಾಗಿ ಮುಂದಕ್ಕೆ ಚಾಚಿತು.

"ಇನ್ನೊಂಚೂರು ಹಾಕು."

ಸೊಸೆಯ ಕೈಯಲ್ಲಿದ್ದ ಬಟ್ಟೆ ನಿಂತಿತು. "ಏನಂದ್ರಿ ಅತ್ತೆ?"

"ಕಿವಿ ಕೇಳಲ್ವಾ? ಇನ್ನೊಂಚೂರು ಹಾಕು ಅಂದೆ."

ಬಾಗಿಲ ಕಡೆಯಿಂದ ಮಾವ ಪೋಂ ಪೋಂ ಎಂದು ಹಾರ್ನ್ ಹೊಡೆದರು. ಅಂಗಡಿಯೆಲ್ಲ ಗೊಳ್ಳೆಂದಿತು. ಕ್ಷೌರದವನು ತನ್ನ ಖಾಲಿ ಲೋಟವನ್ನು ಕಟ್ಟೆಯ ಮೇಲೆ ತಂದಿಟ್ಟ. ಅವನ ಹಿಂದೆ ಇನ್ನೊಂದು ಲೋಟ ಬಂತು, ಅದರ ಹಿಂದೆ ಮತ್ತೊಂದು. ಮುಖ ಕಿವಿಚಿದ್ದವನೂ ಸಾಲಿನಲ್ಲಿ ನಿಂತ. ಸೊಸೆಗೆ ಅವರು ಯಾರೂ ಕಾಣುತ್ತಿರಲಿಲ್ಲ. ಅವಳು ಅತ್ತೆಯ ಲೋಟವನ್ನು ನಲ್ಲಿಯ ಕೆಳಗೆ ಹಿಡಿದಳು. ನೊರೆ ಅಂಚು ದಾಟಿ ಬೆರಳ ಮೇಲೆಲ್ಲ ಹರಿಯಿತು.

"ನೋಡಿ ಹಾಕಮ್ಮ, ಚೆಲ್ಲಬೇಡ," ಎಂದರು ಅತ್ತೆ. "ತುಂಬ ಹಾಕು."